ಐದು ದಿನ ಆಚೆಗೆ

ಈರಭದ್ರಪ್ಪನವರ ಮನೆಯಲ್ಲಿ ಹೊಸಿಲ ಮೇಲೆ ಕೂರುವ ಹಾಗಿರಲಿಲ್ಲ. ಮಂಗಳವಾರ ಉಗುರು ತೆಗೆಯುವ ಹಾಗಿರಲಿಲ್ಲ, ದೀಪ ಹಚ್ಚಿದ ಮೇಲೆ ಕಸ ಗುಡಿಸುವ ಹಾಗಿರಲಿಲ್ಲ, ಹೊರಟವರನ್ನು ಹಿಂದಿನಿಂದ ಎಲ್ಲಿಗೆ ಎಂದು ಕೇಳುವ ಹಾಗಂತೂ ಇರಲೇ ಇಲ್ಲ. ಪಂಚನಹಳ್ಳಿಯಿಂದ ಎರಡು ಮೈಲಿ ಒಳಗೆ, ತೆಂಗಿನ ತೋಟದ ಅಂಚಿಗಿದ್ದ ಆ ಮನೆಗೆ ಹುಲಿಯಮ್ಮ ಮೊದಲ ದಿನ ಬಂದವಳೇ, ನಡೆದು ನಡೆದು ಸುಸ್ತಾಗಿ, ಚಪ್ಪಲಿ ಬಿಚ್ಚಲು ಹೊಸಿಲ ಮೇಲೆಯೇ ಕುಕ್ಕರಿಸಿದಳು ನೋಡಿ, ಒಳಗಿನಿಂದ ಗುಡುಗು ಬಂತು.

"ಯಾರಮ್ಮಾ ಅದು? ಏಳು ಮೇಲೆ! ಹೊಸಿಲ ಮೇಲೆ ಕೂತು ಈ ಮನೇನ ಏನು ಮಾಡ್ಬೇಕು ಅಂತಿದ್ದೀಯಾ?"

ಹುಲಿಯಮ್ಮ ದಡಕ್ಕನೆ ಎದ್ದಳು. "ತಪ್ಪಾಯ್ತು ಯಜಮಾನ್ರೇ. ಮೊಣಕಾಲು ಮಾತು ಕೇಳಲಿಲ್ಲ."

"ಮೊಣಕಾಲಿಗೆ ಹೇಳು, ಜಗಲಿ ಅಂತ ಒಂದಿದೆ."

ನಡುಮನೆಯ ಮಂಚದಿಂದ ಸಣ್ಣಗೆ ನಗು ಕೇಳಿತು. "ಬಾರಮ್ಮ ಒಳಗೆ. ಬಂದೋರ್ನ ಮೊದ್ಲು ಬೈಯೋದು, ಆಮೇಲೆ ಕಾಫಿ ಕೊಡೋದು, ಇದು ಈ ಮನೆ ಪದ್ಧತಿ."

ಅದು ಕಾಂತಮ್ಮ, ಈರಭದ್ರಪ್ಪನವರ ಹೆಂಡತಿ. ವಯಸ್ಸು ಎಪ್ಪತ್ತೈದು. ಹೊಟ್ಟೆಯಲ್ಲಿ ಶುರುವಾದ ಕ್ಯಾನ್ಸರ್ ಸೊಂಟದ ಮೂಳೆಗೂ ಇಳಿದಿತ್ತು. ದೊಡ್ಡಾಸ್ಪತ್ರೆಯವರು ಸಂಕ್ರಾಂತಿಗೆ ಮುಂಚೆಯೇ, ಇನ್ನು ಮನೆಯಲ್ಲಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು.

ಹುಲಿಯಮ್ಮ ಯಾರೆಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಅಜ್ಜಂಪುರದ ಕಡೆ, ಕೊಟ್ಟಿದ್ದು ಅಮೃತಾಪುರಕ್ಕೆ. ಗಂಡ ಹೋದ ಮೇಲೆ ಕಡೂರಿನಲ್ಲಿ ಒಂದು ಕೋಣೆ ಹಿಡಿದು ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿದಳು. ಈಗ ಐವತ್ತಮೂರು. ತರೀಕೆರೆಯ ಒಬ್ಬ ಡಾಕ್ಟರು, ಒಬ್ಬ ನರ್ಸು ಸೇರಿಕೊಂಡು, ಆಸ್ಪತ್ರೆಯವರು ಕೈಬಿಟ್ಟವರನ್ನು ಮನೆಯಲ್ಲೇ ನೋಡಿಕೊಳ್ಳುವ ಒಂದು ತಂಡ ಕಟ್ಟಿದ್ದರು. ನರ್ಸು ವಾರಕ್ಕೊಮ್ಮೆ ವ್ಯಾನಿನಲ್ಲಿ ಬಂದು ನೋವಿನ ಮಾತ್ರೆ ಕೊಟ್ಟು ಹೋಗುವಳು. ಮಿಕ್ಕ ದಿನ ಹೋಗಿ ಪಕ್ಕದಲ್ಲಿ ಕೂರುವುದು ಹುಲಿಯಮ್ಮನ ಕೆಲಸ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೇಳಿದ್ದನ್ನು ಕೇಳುವುದು, ಜೀವ ಹೋದ ಮೇಲೂ ಕೆಲವು ದಿನ ಬಂದು ಮನೆಯವರ ಜೊತೆ ಕೂರುವುದು. ಇಂಗ್ಲಿಷಿನಲ್ಲಿ ಇಂಥವರನ್ನು ಡೆತ್ ಡೌಲಾ ಎನ್ನುತ್ತಾರೆಂದು ತರಬೇತಿಯಲ್ಲಿ ಹೇಳಿದ್ದರು. ಊರವರು ಮಾತ್ರ ಅವಳನ್ನು ಕೊನೆಗಾಲದ ಹುಲಿಯಮ್ಮ ಎನ್ನುತ್ತಿದ್ದರು. ಅವಳು ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. 'ಒಳ್ಳೇದೇ ಆಯ್ತು, ಬ್ಯಾಗಿಗೆ ಜಾಗ' ಎಂದುಕೊಳ್ಳುವ ಪೈಕಿ ಅವಳು.

ವಾರದೊಳಗೆ ಕಾಂತಮ್ಮನಿಗೂ ಅವಳಿಗೂ ಗೆಳೆತನ ಕುದುರಿತು. ಕಾಂತಮ್ಮ ಅವಳ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಹುಲಿ ಎಂದು ಕರೆಯತೊಡಗಿದರು. ಮೈ ಒರೆಸಲು ಬಿಸಿನೀರು ತಂದರೆ ಬೆರಳದ್ದಿ ನೋಡುವರು.

"ಹುಲಿ, ಇದೇನು ನೀರಾ ಮಜ್ಜಿಗೆನಾ?"

"ಸುಡ್ತಿದೆ ಕಣಮ್ಮ!"

"ಇದು ಸುಡೋದಾ? ನಮ್ಮನೆಯವ್ರನ್ನ ಕೇಳು, ನನಗೆ ಎಷ್ಟು ಕಾಯಬೇಕು ಅಂತ."

ಈರಭದ್ರಪ್ಪನವರಿಗೆ ಎಂಬತ್ತೊಂದು. ಬೆಳಗ್ಗೆ ಎದ್ದು ಬಚ್ಚಲ ಹಂಡೆಯ ಒಲೆಗೆ ಬೆಂಕಿ ಹಾಕುವುದು ಮದುವೆಯಾದಂದಿನಿಂದ ಅವರ ಪಾಲಿನ ಕೆಲಸ. ಮನೆಗೆ ಸೋಲಾರ್ ಹಾಕಿಸಿದ ಮೇಲೂ ಬಿಟ್ಟಿರಲಿಲ್ಲ. "ಐವತ್ತಾರು ವರ್ಷದಲ್ಲಿ ಒಂದಿನಾನೂ ನೀರು ಸಾಕಷ್ಟು ಕಾದಿದೆ ಅಂದೋಳಲ್ಲ ಇವ್ಳು," ಎಂದು ಗೊಣಗುತ್ತ ಹೋಗಿ ಇನ್ನೆರಡು ತೆಂಗಿನ ಮಟ್ಟೆ ತುರುಕಿ ಬರುವರು. ಬೇಸರದ ಮಾತು, ಆದರೆ ಹೋಗುವಾಗ ಮುಖದಲ್ಲಿ ಇರುತ್ತಿದ್ದ ಕಳೆಯೇ ಬೇರೆ.

ಮಂಚದ ಮೇಲ್ಗಡೆ ಕೊಬ್ಬರಿಯ ಅಟ್ಟ. ಆ ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಕಾಯುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ತಾನೇ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಲೊಟಲೊಟ ಸದ್ದು. ಆ ಸದ್ದನ್ನು ಹಿಡಿಯುವುದರಲ್ಲಿ ಕಾಂತಮ್ಮನ ಕಿವಿಯನ್ನು ಮೀರಿದವರಿರಲಿಲ್ಲ. ಮಗ ಮಲ್ಲಿಕಾರ್ಜುನ ಐವತ್ತು ದಾಟಿದರೂ, ಅಟ್ಟ ಹತ್ತಿ ಅಲುಗಿಸಿ, "ಅವ್ವಾ, ಇದು?" ಎಂದು ಕೇಳಿಯೇ ಒಡೆಯುವುದು. "ಇನ್ನೂ ನೀರಿದೆ, ಇಡು," ಎಂದರೆ ಮುಗಿಯಿತು, ಹೈಕೋರ್ಟು ತೀರ್ಪು.

ಒಂದು ಮಧ್ಯಾಹ್ನ ಮನೆಯವರೆಲ್ಲ ತೋಟದ ಕಡೆ ಹೋಗಿದ್ದಾಗ ಕಾಂತಮ್ಮ ಮೆಲ್ಲಗೆ ಹೇಳಿದರು.

"ಹುಲಿ, ಇವರೆಲ್ಲ ನನಗೆ ವಾಸಿಯಾಗ್ತದೆ ಅಂತಾರೆ. ಆಗಲ್ಲ, ನನಗೆ ಗೊತ್ತು. ನೀರು ಇಂಗಿದ ಕಾಯಿ ನಾನು, ಬಿಟ್ಕೊಳ್ಳೋದೇ ಇನ್ನು. ಅದಕ್ಕೆ ನನಗೇನೂ ಭಯ ಇಲ್ಲ."

"ಮತ್ತೆ ಯಾತಕ್ಕೆ ಭಯ ಕಣಮ್ಮ?"

"ಎಲ್ಲಿಂದ ಹೋಗ್ತೀನಿ ಅನ್ನೋದಕ್ಕೆ. ಈ ಅಟ್ಟದ ಕೆಳಗಿಂದ ಹೋಗ್ಬೇಕು ಅಂತ ಆಸೆ. ಆದ್ರೆ ಈ ಮನೇಲಿ ಅದು ನಮ್ಮ ಕೈಲಿಲ್ಲ. ಪಂಚಕ ಬಂದ್ರೆ ಆಚೆ ಹಾಕ್ತಾರೆ. ನಮ್ಮ ಮಾವನ್ನ ಹಿಂಗೇ ಹಾಕಿದ್ವಿ. ದಿಂಬು ಎತ್ಕೊಂಡು ಮಂಚದ ಹಿಂದೆ ಹೋದೋಳು ನಾನೇ. ಆಗ ಏನೂ ಅನ್ನಿಸ್ಲಿಲ್ಲ ನೋಡು. ಈಗ ಮಲಗಿರೋಳು ನಾನಲ್ವಾ, ಅನ್ನಿಸ್ತಿದೆ."

ಹುಲಿಯಮ್ಮ ಅವರ ಹೊದಿಕೆ ಸರಿಮಾಡಿದಳು. ಅವಳಿಗೆ ಗೊತ್ತಿರದ ಮಾತೇನಲ್ಲ ಅದು. ತಿಂಗಳಿಗೊಮ್ಮೆ ಚಂದ್ರ ಧನಿಷ್ಠೆಯಿಂದ ರೇವತಿಯವರೆಗೆ ಐದು ನಕ್ಷತ್ರ ದಾಟುವ ಐದು ದಿನವೇ ಪಂಚಕ. ಆ ಐದು ದಿನದಲ್ಲಿ ಮನೆಯೊಳಗೆ ಸಾವಾದರೆ ಬಾಗಿಲಿಗೆ ಮುಳ್ಳು ಬಡಿದು ಆರು ತಿಂಗಳು ಮನೆ ಬಿಡಬೇಕು, ಇಲ್ಲದಿದ್ದರೆ ಅದೇ ಮನೆಯಲ್ಲಿ ಇನ್ನೂ ನಾಲ್ಕು ಹೆಣ ಬೀಳುತ್ತವೆ ಎಂದು ನಂಬಿಕೆ. ಹಾಗಾಗಿ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಸಾಯುವಂತಿರುವವರನ್ನು ಜೀವವಿರುವಾಗಲೇ ಎತ್ತಿ ಮನೆಯಾಚೆ ಹಾಕಿಬಿಡುವುದು. ಸತ್ತರೆ ಹೊರಗೆ ಸತ್ತಂತಾಯಿತು, ಮನೆ ಉಳಿಯಿತು. ಸಾಯದಿದ್ದರೆ ಐದು ದಿನ ಕಳೆದು ಒಳಗೆ ತರುವುದು, ಮುಂದಿನ ತಿಂಗಳು ಮತ್ತೆ ಹೊರುವುದು.

ಇದು ಹಳೇ ಕಾಲದ ಮಾತು ಎಂದುಕೊಳ್ಳಬೇಡಿ. ಆ ಮನೆಯಲ್ಲಿ ಫ್ರಿಜ್ಜಿತ್ತು, ವಾಷಿಂಗ್ ಮೆಷಿನ್ನಿತ್ತು, ಅಂಗಳದಲ್ಲಿ ಕಾರು ನಿಂತಿತ್ತು. ಪಂಚಾಂಗ ಕೂಡ ಮಲ್ಲಿಕಾರ್ಜುನನ ಮೊಬೈಲಿನಲ್ಲೇ ಇತ್ತು. ಪಂಚಕ ಶುರುವಾಗುವ ನಿಮಿಷಕ್ಕೆ ಅವನು ಅಲಾರಂ ಇಟ್ಟಿದ್ದ. ಹೆತ್ತ ತಾಯಿಯನ್ನು ಆಚೆ ಹಾಕಲು ಅಲಾರಂ! ಹಾಗೆಂದು ಅವನು ಕಟುಕನೇ? ಖಂಡಿತ ಇಲ್ಲ. ಅವ್ವನ ಬೆನ್ನು ಹುಣ್ಣಾಗದಿರಲೆಂದು ಕಡೂರಿಗೆ ಹೋಗಿ ಕರೆಂಟಿನ ಗಾಳಿಹಾಸಿಗೆ ತಂದವನು, ಅವ್ವನಿಗೆ ಸೇರುತ್ತದೆಂದು ದಿನಾ ಎಳನೀರು ಕೀಳಿಸುವವನು ಅವನೇ.

ಮೊದಲ ಸಲ ಹೊತ್ತಿದ್ದು ಜನವರಿಯ ಕೊನೆಯಲ್ಲಿ. ಅಂಗಳದಾಚೆ ಕಾಯಿ ಸುಲಿಯುವ ತಗಡಿನ ಶೆಡ್ಡಿತ್ತು. ಸುತ್ತ ಮಟ್ಟೆಯ ರಾಶಿ. ಅಲ್ಲಿಗೆ ಮಂಚ ಹೋಯಿತು. ಕರೆಂಟಿಲ್ಲದೆ ಗಾಳಿಹಾಸಿಗೆ ಉಬ್ಬಲಿಲ್ಲ. ಹಗಲು ತಗಡು ಕಾದು ಒಲೆಯಾಗುವುದು, ಬೆಳಗಿನ ಜಾವ ಚಳಿಗೆ ಹಲ್ಲು ಕಟಕಟ ಅನ್ನುವುದು. ಐದು ದಿನ ಮುಗಿಸಿ ಒಳಗೆ ತರುವ ಹೊತ್ತಿಗೆ ಕಾಂತಮ್ಮನ ಬೆನ್ನಲ್ಲಿ ಅಂಗೈ ಅಗಲದ ಹುಣ್ಣಾಗಿತ್ತು. ನರ್ಸು ಗಾಯ ಕಟ್ಟುತ್ತ ಮಲ್ಲಿಕಾರ್ಜುನನಿಗೆ ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿ ನಿಂತು, "ಅಪ್ಪನ್ನ ಎದುರು ಹಾಕ್ಕೊಳ್ಳೋಕಾಗಲ್ಲ ಮೇಡಂ," ಎಂದ.

ಹುಲಿಯಮ್ಮ ಸುಮ್ಮನಿರುವವಳಲ್ಲ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಈರಭದ್ರಪ್ಪನವರ ಮುಂದೆ ಕೂತಳು.

"ಯಜಮಾನ್ರೇ, ಅಮ್ಮನ್ನ ಮತ್ತೆ ಹೊರಬೇಡಿ. ಎತ್ತಿದಾಗೆಲ್ಲ ಸೊಂಟದ ಮೂಳೆ ಚುಚ್ತದೆ ಅವರಿಗೆ."

"ನನ್ನ ಹೆಂಡ್ತಿ ಕಣಮ್ಮ ಅವ್ಳು. ನೋವು ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ?"

"ಕಂಡ ಮೇಲೂ ಯಾಕೆ?"

"ನಿಶ್ಚಿತಾ ಬಂದಿದಾಳೆ. ಏಳು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿರೋ ಮೊಮ್ಮಗಳು. ಹೊಟ್ಟೇಲಿರೋ ಕೂಸಿಗೆ ಏನಾದ್ರೂ ಆದ್ರೆ ನೀನು ಬಂದು ಜವಾಬ್ದಾರಿ ತಗೋತೀಯಾ? ಹೋಗೋ ಜೀವಕ್ಕೆ ಐದು ದಿನ ಕಷ್ಟ. ಬರೋ ಜೀವ ಪೂರ್ತಿ ಹೋದ್ರೆ?"

ಹುಲಿಯಮ್ಮ ಖಾಲಿ ಲೋಟ ಎತ್ತಿಕೊಂಡು ಎದ್ದಳು. ಮುದುಕ ಜಂಬಕ್ಕೆ ಹಟ ಹಿಡಿದಿದ್ದರೆ ಜಗಳ ಮಾಡಬಹುದಿತ್ತು. ಪ್ರೀತಿಗೆ ಹಿಡಿದ ಹಟಕ್ಕೆ ಏನು ಮಾಡುವುದು?

ಅವಳು ಊರಿನ ಅಯ್ನೋರು ವಿಶ್ವಾರಾಧ್ಯರನ್ನು ಹುಡುಕಿಕೊಂಡು ಹೋದಳು. ಆ ಮನೆತನದ ಮದುವೆ ಮಸಣ ಎರಡಕ್ಕೂ ಅವರೇ ಬರಬೇಕು. ಅವರು ಪಂಚಾಂಗ ಮಡಿಸಿಟ್ಟು ಕನ್ನಡಕ ತೆಗೆದರು.

"ಸಾವಾದ ಮೇಲೆ ಶಾಂತಿ ಮಾಡ್ಸಿ ಅಂತ ಬರೆದಿರೋದು ನೋಡಿದೀನಿ ಕಣಮ್ಮ. ಉಸಿರಾಡ್ತಿರೋರನ್ನ ಹೊತ್ತು ಹಾಕಿ ಅಂತ ಎಲ್ಲೂ ಬರೆದಿಲ್ಲ. ನಾನೂ ಯಾವತ್ತೂ ಹೇಳಿಲ್ಲ."

"ಹಾಕಬೇಡಿ ಅಂತಾನೂ ಹೇಳಲಿಲ್ವಲ್ಲ ಅಯ್ನೋರೇ?"

ಅಯ್ನೋರು ಕನ್ನಡಕ ಒರೆಸಿದರು. "ಜನ ನನ್ನ ಕೇಳೋಕೆ ಬರೋದು ಹೊತ್ತು ಹಾಕಿದ ಮೇಲೇನೇ," ಎಂದರು. ಆಮೇಲೆ ತಾವೇ, "ಅದೂ ಒಂದು ನೆಪ ಬಿಡು," ಎಂದರು.

ಪಾಪ, ಅವರು ಬಂದು ಹೇಳಿದರು ಕೂಡ. ಕೊರಳಲ್ಲಿ ಲಿಂಗವಿರುವ ಮೈಗೆ ಸೂತಕವೇ ಇಲ್ಲ ಎಂದು ಹಿರಿಯರು ಕಲಿಸಿರುವಾಗ ನಕ್ಷತ್ರಕ್ಕೆ ಹೆದರುವುದೇನು ಈರಭದ್ರಪ್ಪ, ಎಂದು ಕೇಳಿದರು. ಈರಭದ್ರಪ್ಪನವರು ಎದ್ದು ನಿಂತು ಕೈಮುಗಿದರು. "ನೀವು ಓದಿದೋರು ಬುದ್ಧಿ. ನಾನು ಅನುಭವಿಸಿದೋನು," ಎಂದವರೇ ತೋಟದ ಕಡೆ ಹೊರಟುಹೋದರು. ಏನು ಅನುಭವಿಸಿದ್ದು ಎಂದು ಯಾರೂ ಕೇಳಲಿಲ್ಲ. ಹೊರಟವರನ್ನು ಹಿಂದಿನಿಂದ ಕರೆಯುವ ಹಾಗಿರಲಿಲ್ಲವಲ್ಲ!

ಎರಡನೇ ಸಲ ಫೆಬ್ರವರಿಯಲ್ಲಿ. ಮಂಚ ಹೊಸಿಲು ದಾಟುವಾಗ ಒಂದು ಕಾಲು ಬಾಗಿಲ ಚೌಕಟ್ಟಿಗೆ ಬಡಿಯಿತು. ಕಾಂತಮ್ಮ ಕೂಗಿದ ಕೂಗು ಎಂಥದೆಂದರೆ, ಒಳಕೋಣೆಯಲ್ಲಿದ್ದ ನಿಶ್ಚಿತಾ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. ಸೊಸೆ ಅನಿತಾ ಹಿಂದೆಯೇ ದಿಂಬು ಹಿಡಿದು ಅಳುತ್ತ ಬಂದಳು. ಹುಲಿಯಮ್ಮ ಕಾಂತಮ್ಮನ ಕೈ ಹಿಡಿದುಕೊಂಡೇ ನಡೆದಳು.

ಶೆಡ್ಡಿನಲ್ಲಿ ಮೂರನೇ ದಿನ ಕಾಂತಮ್ಮನಿಗೆ ಜ್ವರ ಏರಿತು. ಸಂಜೆ ಈರಭದ್ರಪ್ಪನವರು ಒಂದು ಎಳನೀರು ಹಿಡಿದು ಬಂದರು. ಕಾಂತಮ್ಮ ಕಣ್ಣು ಬಿಟ್ಟು ಗಂಡನನ್ನು ನೋಡಿ, ಮಗುವಿನ ದನಿಯಲ್ಲಿ, "ರೀ, ಮನೆಗೆ ಹೋಗಣ," ಎಂದರು.

ಮುದುಕರು ಎಳನೀರನ್ನು ಅಲ್ಲೇ ಇಟ್ಟು, ಹಿಂದಿರುಗಿ ನೋಡದೆ ನಡೆದುಬಿಟ್ಟರು. ಇವರದ್ದು ಎದೆಯೋ ಬಂಡೆಯೋ ಎಂದು ಹುಲಿಯಮ್ಮ ಹಲ್ಲು ಕಡಿದಳು. ಅವಳು ಆವತ್ತು ಅವರನ್ನು ಬಹಳ ಕೆಟ್ಟದಾಗಿ ಅಂದುಕೊಂಡಳು, ಆಮೇಲೆ ಅದಕ್ಕೆ ಪಶ್ಚಾತ್ತಾಪವನ್ನೂ ಪಟ್ಟಳು.

ಕಾಂತಮ್ಮ ಆ ಸಲವೂ ಉಳಿದರು. ಆದರೆ ಅರ್ಧ ಜೀವ ಶೆಡ್ಡಿನಲ್ಲೇ ಉಳಿದಂತಿತ್ತು. ಊಟ ನಿಂತಿತು, ಮಾತು ಕಡಿಮೆಯಾಯಿತು. ಮೂರನೇ ಪಂಚಕ ಯುಗಾದಿಗೆ ಮುಂಚಿನ ದಿನಗಳಲ್ಲೇ ಬೀಳುತ್ತಿತ್ತು. ಈ ಸಲ ತಪ್ಪಿಸಿಕೊಳ್ಳುವುದು ಕಷ್ಟ ಎಂದು ನರ್ಸು ಹೇಳಿ ಹೋದಳು. ಅಂದೇ ಈರಭದ್ರಪ್ಪನವರು ಆಳುಗಳಿಗೆ ಹೇಳಿ ಒಂದು ಹೊರೆ ಜಾಲಿ ಮುಳ್ಳು ಕಡಿಸಿ ತರಿಸಿ ಅಂಗಳದ ಮೂಲೆಗೆ ಹಾಕಿಸಿದರು. ಹೊರುವುದರೊಳಗೇ ಪ್ರಾಣ ಹೋದರೆ ಬಾಗಿಲಿಗೆ ಬಡಿಯಲು ಇರಲಿ ಎಂದು. ಹೆಂಡತಿಯ ಮಂಚದಿಂದ ಕಿಟಕಿಯಲ್ಲಿ ಆ ಮುಳ್ಳಿನ ಹೊರೆ ಕಾಣುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಹುಲಿಯಮ್ಮ ಸದ್ದಿಲ್ಲದೆ ಎದ್ದು ಕಿಟಕಿಗೆ ಒಂದು ಸೀರೆ ಕಟ್ಟಿದಳು.

ಪಂಚಕದ ಹಿಂದಿನ ದಿನ ಸಂಜೆ ಅವಳು ಬಚ್ಚಲಿಗೆ ಹೋದಾಗ ಈರಭದ್ರಪ್ಪನವರು ಆರಿದ ಒಲೆಯ ಮುಂದೆ ಸುಮ್ಮನೆ ಕೂತಿದ್ದರು. ಅವಳೂ ಪಕ್ಕದ ಕಲ್ಲಿನ ಮೇಲೆ ಕೂತಳು. ಈ ಸಲ ವಾದ ಮಾಡಲಿಲ್ಲ.

"ಯಜಮಾನ್ರೇ, ನಾಳೆ ನಾನು ಮಂಚಕ್ಕೆ ಕೈ ಹಾಕಲ್ಲ. ಮೊದ್ಲೇ ಹೇಳ್ಬಿಡ್ತೀನಿ. ಒಂದು ಸಲ ಹಾಕಿದೀನಿ, ಅದೇ ಸಾಕಾಗಿದೆ."

"ಯಾರಿಗೆ?"

"ನಮ್ಮವ್ವಂಗೆ. ಅಜ್ಜಂಪುರದ ಹತ್ರ, ನಮ್ಮಣ್ಣನ ಮನೇಲಿ. ಪಂಚಕ ಅಂತ ಪಂಪ್‌ಸೆಟ್ ಮನೆಗೆ ಹಾಕಿದ್ವಿ. ಒಂದು ಮೂಲೆ ನಾನೇ ಹಿಡಿದಿದ್ದೆ. 'ಎಲ್ಲಿಗೆ ಮಗಾ' ಅಂತ ಕೇಳಿದ್ಲು. 'ಗಾಳಿಗೆ ಕಣವ್ವ' ಅಂದೆ. ಆವತ್ತು ಮೋಟಾರು ಓಡ್ತಿತ್ತು. ಆ ಸದ್ದಿಗೆ ಅವಳು ಕೂಗಿದ್ದು ನಮಗೆ ಕೇಳಿಸ್ಲಿಲ್ಲ. ಹೋಗಿ ನೋಡೋ ಹೊತ್ತಿಗೆ ಮುಗಿದಿತ್ತು. ಕೂಗಿದ್ಲೋ ಇಲ್ವೋ ಅದೂ ಗೊತ್ತಿಲ್ಲ. ಹದಿನೇಳು ವರ್ಷದಿಂದ ನನ್ನ ಕಿವಿಗೆ ಮಾತ್ರ ಕೂಗ್ತಾನೇ ಇದಾಳೆ."

ಬೂದಿಯನ್ನು ಕಡ್ಡಿಯಲ್ಲಿ ಕೆದಕುತ್ತಿದ್ದ ಮುದುಕರ ಕೈ ನಿಂತಿತು. ಅವರು ಕಡ್ಡಿಯನ್ನು ಒಲೆಗೆ ಎಸೆದರು.

"ನನಗೆ ಒಂಬತ್ತು ವರ್ಷ. ಪಂಚಕದಲ್ಲಿ ನಮ್ಮವ್ವ ಇದೇ ಮನೆಯೊಳಗೆ ತೀರ್ಕೊಂಡ್ಳು. ಮುಳ್ಳು ಬಡಿದು ಎಲ್ಲ ಹೊಲದ ಗುಡಿಸಲಿಗೆ ಹೋದ್ವಿ. ನನಗೊಬ್ಬಳು ತಂಗಿ ಇದ್ಲು, ಲಿಂಗಮ್ಮ. ಲಿಂಗಿ ಅಂತಿದ್ದೆ. ನಾಲ್ಕು ವರ್ಷದೋಳು. ಮೂರನೇ ತಿಂಗಳಿಗೆ ಅವಳೂ ಹೋದ್ಲು. ಎರಡನೇ ಹೆಣ ಬಿತ್ತು ಅಂದ್ರು ದೊಡ್ಡೋರು. ಅದಕ್ಕೇ ಕಣಮ್ಮ ನನಗೆ ಭಯ. ಸುಮ್ನೆ ಅಲ್ಲ."

"ಮನೆ ಬಿಟ್ಟಿದ್ರಲ್ಲ ಯಜಮಾನ್ರೇ? ಆದ್ರೂ ಹೋದ್ಲಾ?"

"ಬಿಡೋದು ಒಂದಿನ ತಡ ಆಯ್ತು, ಅದಕ್ಕೇ ಅಂದ್ರು."

"ಲಿಂಗಿ ಎಲ್ಲಿ ಮಲಗ್ತಿದ್ಲು?" ಎಂದಷ್ಟೇ ಕೇಳಿದಳು ಹುಲಿಯಮ್ಮ.

"ನನ್ನ ಪಕ್ಕಾನೇ. ಆಷಾಢದ ಮಳೆ. ಸೋಗೆ ಸೋರ್ತಿತ್ತು, ನೆಲ ಒದ್ದೆ. ಗೋಣಿತಾಟು ಹೊದ್ಕೊಂಡು ಮಲಗ್ತಿದ್ವಿ. ಕೂಸು ಸುಡ್ತಿತ್ತು ಜ್ವರದಲ್ಲಿ. ಗಡಗಡ ನಡುಗೋಳು." ಅವರು ತಡೆದರು. "'ಅಣ್ಣಾ, ಮನೆಗೆ ಹೋಗಣ' ಅನ್ನೋಳು. ಇಷ್ಟೇ. 'ಅಣ್ಣಾ, ಮನೆಗೆ ಹೋಗಣ.' ಹೋದ ತಿಂಗಳು ಇವ್ಳೂ ಅಲ್ಲಿ ಮಲಗಿ ಅದೇ ಅಂದ್ಲಲ್ಲ..."

ಎಂಬತ್ತೊಂದು ವರ್ಷದ ಮುದುಕರು ಮುಖ ಮುಚ್ಚಿಕೊಂಡು ಅತ್ತರು. ಹುಲಿಯಮ್ಮ ಅವರ ಅಳು ತಾನಾಗಿ ನಿಲ್ಲುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಾಲ್ಕು ವರ್ಷದ ಕೂಸು ಮೂರು ತಿಂಗಳು ಒದ್ದೆ ನೆಲದ ಮೇಲೆ ಮಲಗ್ತು ಯಜಮಾನ್ರೇ. ಅದಕ್ಕೊಂದು ಬೆಚ್ಚಗಿನ ಮನೆ ಇತ್ತು. ಬಾಗಿಲಿಗೆ ಮುಳ್ಳು ಬಡಿದಿತ್ತು. ಅದನ್ನ ನಕ್ಷತ್ರ ಕರ್ಕೊಂಡು ಹೋಯ್ತಾ ಗುಡಿಸಲು ಕರ್ಕೊಂಡು ಹೋಯ್ತಾ, ನೀವೇ ಪಕ್ಕದಲ್ಲಿ ಮಲಗಿದ್ದೋರು, ನೀವೇ ಹೇಳಿ."

ಮುದುಕರು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮರುದಿನ ಬೆಳಗ್ಗೆ ಹತ್ತೂವರೆಗೆ ಮಲ್ಲಿಕಾರ್ಜುನನ ಮೊಬೈಲು ಬಡಿದುಕೊಂಡಿತು. ಅವನು ಕಾಯಿ ಸುಲಿಯುವ ಇಬ್ಬರು ಆಳುಗಳನ್ನು ಕರೆದುಕೊಂಡು ಅಂಗಳದಿಂದ ಬಂದ. ಬಂದವನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟ.

ಹೊಸಿಲ ಮೇಲೆ ಈರಭದ್ರಪ್ಪನವರು ಕೂತಿದ್ದರು. ಬೆನ್ನು ಚೌಕಟ್ಟಿನ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ. ಐವತ್ತು ವರ್ಷದಿಂದ ಕಂಡಕಂಡವರನ್ನು ಹೊಸಿಲಿಂದ ಎಬ್ಬಿಸಿದ ಮನುಷ್ಯ!

"ಅಪ್ಪಾ, ಏನಿದು? ಅಲ್ಲಿ ಕೂತಿದ್ದೀಯಾ?"

"ಮೊದ್ಲು ಆ ಅಲಾರಂ ಆರ್ಸು ಕಣೋ."

"ಹೊತ್ತಾಯ್ತು ಅಪ್ಪಾ, ಶುರುವಾಗ್ಬಿಡ್ತು. ಅವ್ವನ್ನ..."

"ಅವಳ ಮನೆ ಇದು. ಅವಳನ್ನ ಹೊರೋದಾದ್ರೆ ನನ್ನ ದಾಟ್ಕೊಂಡು ಹೊರಿ. ನಿಮ್ಮಪ್ಪನ್ನ ತುಳ್ಕೊಂಡು ಹೋಗೋ ಧೈರ್ಯ ಇದೆಯೇನೋ ನಿನಗೆ?"

ಮಲ್ಲಿಕಾರ್ಜುನನ ಕೈಯಲ್ಲಿ ಮೊಬೈಲು ಕೂಗುತ್ತಲೇ ಇತ್ತು. ಅವನು ಅದನ್ನು ಆರಿಸಿದ. ಆರಿಸಿದವನು ಮೆಟ್ಟಿಲ ಮೇಲೆ ಕುಸಿದು ಕೂತು, "ನೀನು ಇದನ್ನ ಮೊದ್ಲೇ ಹೇಳ್ಬಾರದಿತ್ತಾ ಅಪ್ಪಾ," ಎಂದು ಬಿಕ್ಕಿದ. ಎರಡು ಸಲ ಅವ್ವನನ್ನು ಹೊತ್ತ ಹೆಗಲು ಅದು, ಅದಕ್ಕೂ ಸಂಕಟವಿರುತ್ತದೆ.

ಒಳಗಿನಿಂದ ನಿಶ್ಚಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ತಾತನ ಹಿಂದೆ ನಿಂತಳು. ಈರಭದ್ರಪ್ಪನವರು ಕತ್ತು ಹೊರಳಿಸಿ ಕೇಳಿದರು. "ಮಗಾ, ನಿನಗೆ ಭಯ ಆದ್ರೆ ಹೇಳು. ತರೀಕೆರೆಗೆ, ನಿನ್ನ ಗಂಡನ ಮನೆಗೆ ಬಿಟ್ಟು ಬರೋಕೆ ಹೇಳ್ತೀನಿ."

"ನನಗೆ ಭಯ ಆಗಿದ್ದು ಅಜ್ಜಿ ಆವತ್ತು ಕೂಗಿದಾಗ ತಾತ," ಎಂದಳು ನಿಶ್ಚಿತಾ. "ಇಲ್ಲೇ ಇರ್ತೀನಿ."

ನಡುಮನೆಯ ಮಂಚದಿಂದ ಎಷ್ಟೋ ದಿನದ ಮೇಲೆ ದನಿ ಕೇಳಿತು. "ಹೊಸಿಲ ಮೇಲೆ ಯಾರದು ಕೂತಿರೋದು? ಎಬ್ಬಿಸ್ರೇ ಅವ್ರನ್ನ!"

ಈರಭದ್ರಪ್ಪನವರು ಕಣ್ಣೊರೆಸಿಕೊಂಡು ನಕ್ಕರು. ಹುಲಿಯಮ್ಮನಿಗೆ ಮಾತ್ರ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕಾಫಿ ಕಾಯಿಸುವ ನೆಪದಲ್ಲಿ ಒಳಗೆ ಹೋದಳು.

ಆಮೇಲೆ ಎರಡು ದಿನ ಕಾಂತಮ್ಮ ತಮ್ಮ ಅಟ್ಟದ ಕೆಳಗೆ, ತಮ್ಮ ಗಾಳಿಹಾಸಿಗೆಯ ಮೇಲೆ ಇದ್ದರು. ನೋಡಲು ಬಂದವರು ಪದ್ಧತಿಯಂತೆ ಚಮಚದಲ್ಲಿ ಹಾಲು ನೀರು ಬಾಯಿಗೆ ಬಿಡಲು ಹೋದಾಗ ಹುಲಿಯಮ್ಮ ತಡೆದಳು. ನುಂಗಲಾಗದ ಗಂಟಲಿಗೆ ಸುರಿದರೆ ಉಸಿರು ಸಿಕ್ಕಿಕೊಳ್ಳುತ್ತದೆ, ತುಟಿ ಒದ್ದೆ ಮಾಡಿದರೆ ಸಾಕು ಎಂದು ತೋರಿಸಿಕೊಟ್ಟಳು. ಆ ಕೆಲಸವನ್ನು ಈರಭದ್ರಪ್ಪನವರು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಹತ್ತಿಯನ್ನು ಎಳನೀರಿನಲ್ಲಿ ಅದ್ದಿ ಅದ್ದಿ ಹೆಂಡತಿಯ ತುಟಿಗೆ ಮುಟ್ಟಿಸುತ್ತ ಕೂತರು. ಐವತ್ತಾರು ವರ್ಷದಲ್ಲಿ ಅಷ್ಟು ಹೊತ್ತು ಅವರಿಬ್ಬರೂ ಜಗಳವಿಲ್ಲದೆ ಕೂತದ್ದು ಅದೇ ಮೊದಲಿರಬೇಕು.

ಮೂರನೇ ದಿನ ಬೆಳಗ್ಗೆ ಮಲ್ಲಿಕಾರ್ಜುನ ಅಟ್ಟ ಹತ್ತಿದ. ಯಾರೂ ಹೇಳಿರಲಿಲ್ಲ, ಅವನಿಗೇ ತೋಚಿತು. ಒಂದು ಕಾಯಿ ಎತ್ತಿ ಅಲುಗಿಸಿ, ಮೇಲಿನಿಂದಲೇ ಕೇಳಿದ. "ಅವ್ವಾ, ಇದು?"

ಕಾಂತಮ್ಮನ ಹುಬ್ಬು ಅಲುಗಿತು. ಹುಲಿಯಮ್ಮ ತುಟಿಯ ಹತ್ತಿರ ಕಿವಿಯಿಟ್ಟು ಕೇಳಿ ಗಟ್ಟಿಯಾಗಿ ಹೇಳಿದಳು. "ಇನ್ನೂ ನೀರಿದೆಯಂತೆ, ಇಡು."

"ಇದು?"

"ಇಡು ಅಂತಾರೆ."

ಅನಿತಾ ಅತ್ತೆಯ ಪಾದ ನೀವುತ್ತಿದ್ದಳು. ನಿಶ್ಚಿತಾ ಅಜ್ಜಿಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಒಳಗಿನ ಕೂಸು ಒದ್ದಾಗ ಕಾಂತಮ್ಮನ ಬೆರಳು ಒಂದಿಷ್ಟು ಮಿಸುಕಿತು. ಮೇಲೆ ಮಲ್ಲಿಕಾರ್ಜುನ ಇನ್ನೊಂದು ಕಾಯಿ ಎತ್ತಿ ಅಲುಗಿಸಿದ. ಲೊಟಲೊಟ ಎಂದು ಇಡೀ ನಡುಮನೆಗೆ ಕೇಳಿತು.

"ಅವ್ವಾ, ಇದು?"

ಹುಲಿಯಮ್ಮ ಕಿವಿಯಿಟ್ಟಳು. ಕಾದಳು. ತಲೆಯೆತ್ತಿ ಈರಭದ್ರಪ್ಪನವರನ್ನು ನೋಡಿದಳು.

"ಅವ್ವಾ?" ಎಂದ ಮಲ್ಲಿಕಾರ್ಜುನ ಮೇಲಿನಿಂದ.

"ಇಳಿದು ಬಾ ಮಗಾ," ಎಂದರು ಈರಭದ್ರಪ್ಪನವರು. "ನಿಮ್ಮವ್ವ ಹೊರಟ್ಳು."

ಅಂಗಳದಲ್ಲಿ ಜನ ಕೂಡಿದರು. ಅತ್ತರು, ಹಾಡಿ ಹೊಗಳಿದರು. ಅಳು ಸ್ವಲ್ಪ ತಗ್ಗಿದ ಮೇಲೆ ಕಣ್ಣುಗಳೆಲ್ಲ ಮೂಲೆಯ ಮುಳ್ಳಿನ ಹೊರೆಯ ಕಡೆ ಹೊರಳಿದವು. ಪಂಚಕ ಇನ್ನೂ ಮುಗಿದಿಲ್ಲ ಎಂದು ಒಬ್ಬರು, ಬಸುರಿ ಹೆಂಗಸು ಬೇರೆ ಮನೆಯಲ್ಲಿದ್ದಾಳೆ ಎಂದು ಇನ್ನೊಬ್ಬರು ಪಿಸುಗುಟ್ಟಿದರು. ವಿಶ್ವಾರಾಧ್ಯರು ಜಗಲಿಯಿಂದ ಗದರಿದರು. "ಪಂಚಾಂಗ ಓದೋನು ನಾನೋ ನೀವೋ? ಆಯಮ್ಮ ತನ್ನ ಮನೇಲಿ ಹೋಗಿದಾರೆ. ಎಲ್ಲಿಂದ ಹೋಗ್ಬೇಕಿತ್ತೋ ಅಲ್ಲಿಂದ ಹೋಗಿದಾರೆ."

ಮೈ ತೊಳೆಸಲು ನೀರು ಕಾಯಬೇಕಿತ್ತು. ಅನಿತಾ ಸೋಲಾರಿನ ಬಿಸಿನೀರು ಹಿಡಿಯಲು ಬಕೆಟ್ಟು ಎತ್ತಿದಳು.

"ಅದು ಬೇಡ ಕಣಮ್ಮ," ಎಂದರು ಮಾವ. ಮಚ್ಚು ತೆಗೆದುಕೊಂಡು ಅಂಗಳಕ್ಕೆ ಇಳಿದರು. ಯಾರು ಬಂದರೂ ಕೈಯಾಡಿಸಿ ದೂರ ಸರಿಸಿದರು. ಬಾಗಿಲಿಗೆ ಬಡಿಯಲೆಂದು ತರಿಸಿದ್ದ ಜಾಲಿಯ ಒಂದೊಂದೇ ಕೊಂಬೆಯನ್ನು ಎಳೆದು, ಕಡಿದು, ಬಚ್ಚಲಿಗೆ ಒಯ್ದು ಹಂಡೆಯ ಒಲೆಗೆ ಇಟ್ಟರು. ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಹುಲಿಯಮ್ಮ ಒಂದು ಬಟ್ಟೆ ತಂದು ಕೊಟ್ಟಳು. ಪಂಚೆಗೆ ಒರೆಸಿಕೊಂಡರೇ ಹೊರತು ಬಟ್ಟೆ ತೆಗೆದುಕೊಳ್ಳಲಿಲ್ಲ. ಜಾಲಿ ಚಟಪಟ ಹತ್ತಿಕೊಂಡು ಧಗಧಗ ಉರಿಯಿತು. ಮುಕ್ಕಾಲು ಹೊರೆ ಮುಗಿಯುವ ಹೊತ್ತಿಗೆ ಹಂಡೆಯ ಬಾಯಲ್ಲಿ ಹಬೆ ಎದ್ದಿತು.

ಹುಲಿಯಮ್ಮ ಬೆರಳದ್ದಿ ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು. "ಕಾದಿದೆ ಯಜಮಾನ್ರೇ. ಸಾಕು."

ಈರಭದ್ರಪ್ಪನವರೂ ಅದ್ದಿ ನೋಡಿದರು. ತಲೆಯಾಡಿಸಿದರು.

"ಇನ್ನೊಂದು ಕೊಂಬೆ ತಾ. ಅವಳಿಗೆ ಇಷ್ಟು ಸಾಲಲ್ಲ."